ಹೆಗಲಿಗೊಂದು ಸಿಂಬಿ

ನವೆಂಬರ್ ಬಂತಂದ್ರ ನಮ್ಮನಿ ಗ್ಯಾರೇಜಿನಾಗ ಕಾರಿಗೆ ಜಾಗ ಇರಂಗಿಲ್ಲ. ಕಿತ್ತಳಿ ಬಣ್ಣದ ಜಾಕೀಟು, ಬೂಟು, ಹಗ್ಗ, ನಡುವ ಮರ ಹತ್ತೋ ಆ ಸ್ಟ್ಯಾಂಡು. ಇಲ್ಲಿ ವಿಸ್ಕಾನ್ಸಿನ್‌ದಾಗ ಥ್ಯಾಂಕ್ಸ್‌ಗಿವಿಂಗ್ ಹಿಂದಿನ ಶನಿವಾರದಿಂದ 9 ದಿನ ಬಂದೂಕಿನ ಜಿಂಕಿ ಬೇಟೆ. ನಮ್ಮನಿಯವ್ರಿಗೆ ಆಫೀಸಿನ ಗೆಳ್ಯಾ ಹಚ್ಚಿದ ಹುಚ್ಚು ಇದು. ಊರಾಗ ಜಿಂಕಿ ಹೊಡದ್ರ ಜೇಲು, ಇಲ್ಲಿ ಲೈಸೆನ್ಸ್ ಕೊಡ್ತಾರ.

ಜ್ವಾಳದ ಹೊಲದಾಗ ಹಕ್ಕಿ ಕಾಯಲಿಕ್ಕೆ ಅಟ್ಟಣಿಗಿ ಹಾಕ್ತಿದ್ರಲ್ಲ, ಹಂಗ ತಿಳ್ಕೋರಿ. ಆದ್ರ ಇದನ್ನ ಬೆನ್ನಿಗೆ ಹೊತ್ಕೊಂಡು ಹೋಗಬೇಕು. ಎರಡು ತುಂಡು: ಮ್ಯಾಲಿಂದು ಕೂಡೋದು, ಕೆಳಗಿಂದು ಕಾಲಿಡೋದು. ಎರಡಕ್ಕೂ ಮರ ಸುತ್ತಿ ಹಿಡಿಯೋ ಕೇಬಲ್. ಮ್ಯಾಲಿಂದನ್ನ ಕೈಲೆ ಎತ್ತಿ ಅದರ ಮ್ಯಾಲೆ ಭಾರ ಹಾಕೋದು, ಆಮ್ಯಾಲೆ ಕೆಳಗಿಂದನ್ನ ಕಾಲಿಲೆ ಎತ್ತೋದು. ಕಂಬಳಿಹುಳ ಹತ್ತಿದಂಗ! ನಮ್ಮ ಕಡೆ ಸರ್ಕಾರಿ ಕಾಡಿನಾಗ ಅದನ್ನ ರಾತ್ರಿ ಬಿಟ್ಟು ಬರೂಹಂಗಿಲ್ಲ, ಹಿಂಗಾಗಿ ದಿನಾ ಹೊರೋದು, ದಿನಾ ತರೋದು.

20 ಪೌಂಡ್, ಅಂದ್ರ 9 ಕಿಲೊ. ಅಷ್ಟೇನು ಭಾರಲ್ಲ ಅಂದ್ಕೊಂಡಿದ್ದೆ. ಮೊದಲನೇ ದಿನ ಅಂಗಿ ಬಿಚ್ಚಿದ್ರ ಎರಡೂ ಹೆಗಲ ಮ್ಯಾಲೆ ಕೆಂಪು ಬರಿ. ಅದರ ಪಟ್ಟಿ ಎರಡು ಬೆರಳು ಅಗಲ, ಅಷ್ಟ. ನಮ್ಮಪ್ಪ ನೇಗಿಲು ಹೊತ್ತು ಬರುವಾಗ ಹೆಗಲಿಗೆ ಕಂಬಳಿ ಮಡಚಿ ಇಟ್ಕೋತಿದ್ದ. ಸಿಂಬಿ ಇಲ್ದ ಅವ್ವ ಬಾವಿಗೆ ಹೋಗ್ತಿದ್ದಿಲ್ಲ. ಇಷ್ಟು ರೊಕ್ಕ ಕೊಟ್ಟು ತಂದ ಸಾಮಾನಿಗೆ ಒಂದು ಸಿಂಬಿ ಇಲ್ಲಲ್ಲ ಅಂತ ನನಗ ಸಿಟ್ಟು ಬಂತು.

ಅವ್ವ ಕೊಟ್ಟಿದ್ದ ಕೌದಿಯ ಒಂದು ಅಂಚು ಹರಿದಿತ್ತು. ಅದನ್ನ ಕತ್ತರಿಸಿ ಪಟ್ಟಿಗೆ ಸುತ್ತಿ ಹೊಲದೆ. ಮಷೀನಿನ ಸೂಜಿ ಮುರೀತು, ಕೈಲೆ ಹಾಕಿದೆ. ಹಳೇ ಬ್ಯಾಗಿನ ಸೊಂಟದ ಪಟ್ಟಿ ತಗದು ಇದಕ್ಕ ಜೋಡಿಸಿದೆ, ಭಾರ ಹೆಗಲು ಬಿಟ್ಟು ಸೊಂಟದ ಮ್ಯಾಲೆ ಕೂಡಲಿ ಅಂತ. ಹೊರಿ ಬೆನ್ನಿಗೆ ಅಂಟಿ ಇರಬೇಕು, ಜೋತು ಬಿದ್ರ ಮನಷಾನ್ನ ಹಿಂದಕ್ಕ ಎಳೀತದ. ತಲಿಗಿಂತ ಮ್ಯಾಲೆ ಬಂದ್ರ ಕತ್ತಲದಾಗ ಟೊಂಗಿಗೆ ಸಿಗತದ. ದಪ್ಪ ಜಾಕೀಟು ಹಾಕ್ಕೊಂಡು ನಡೀಬ್ಯಾಡ್ರಿ, ಸ್ಟ್ಯಾಂಡಿಗೆ ಕಟ್ಟಿ ಒಯ್ರಿ ಅಂದೆ. ಬೆವತು ಹೋಗಿ ಆ ಥಂಡ್ಯಾಗ ಕೂತ್ರ ಏನ್ ಗತಿ? ಕಬ್ಬಿಣ ತಾಗೋ ಕಡೆ ಹಳೇ ಕಾಲ್ಚೀಲ ಸುತ್ತಿದೆ, ಇಲ್ದಿದ್ರ ಪಾತ್ರಿ ಮಾರಾಂವ ಬಂದಂಗ ಸಪ್ಪಳ.

ಅಲ್ಲೀತನಕ ಛೊಲೊ ಇತ್ತು. ಎರಡು ತುಂಡಿನ ನಡುವ ಒಂದು ಹಗ್ಗ ಸುಮ್ನ ಜೋತು ಬಿದ್ದಿತ್ತು. ಕೆಲಸಿಲ್ಲದ್ದು ಅಂತ ಬಿಚ್ಚಿ, ಅದರಿಂದಽ ಎರಡೂ ತುಂಡು ಅಲುಗಾಡದಂಗ ಬಿಗಿದು ಗಂಟು ಹಾಕಿದೆ. ಹೊರಿ ನೋಡಿ ಅವರೂ ಖುಷ್ ಆದ್ರು. ಬೆಳಗಿನ ಕತ್ತಲದಾಗ ಗಂಟು ಬಿಚ್ಚಿ, ಹಗ್ಗ ಕಿಸೆಕ್ಕ ಹಾಕ್ಕೊಂಡು ಮರ ಹತ್ಯಾರ.

15 ಅಡಿ ಮ್ಯಾಲೆ ಕಾಲಿಂದ ಕೆಳಗಿನ ತುಂಡು ಜಾರ್ತು. ಸೀದಾ ಬುಡಕ್ಕ. ಆ ಹಗ್ಗ ಇದ್ದಿದ್ರ ಅಲ್ಲೇ ನೇತಾಡ್ತಿತ್ತು, ಅದರ ಕೆಲಸನಽ ಅದು.

ನೆಲದಿಂದಲೇ ಮೈಗೆ ಹಾರ್ನೆಸ್ ಹಾಕಿ ಮರಕ್ಕ ಕೊಂಡಿ ಹಾಕ್ಕೊಂಡಿದ್ರು, ಬಂದೂಕು ಖಾಲಿ ಮಾಡಿ ಕೆಳಗಽ ಬಿಟ್ಟಿದ್ರು. ಮ್ಯಾಲೆ ಹೋದಮ್ಯಾಲೆ ಅದನ್ನ ಹಗ್ಗದಿಂದ ಎಳ್ಕೊಳ್ಳೋದು. ಕಾಲು ಜೋತು ಬಿಟ್ಕೊಂಡು, ಬರೀ ಮ್ಯಾಲಿನ ತುಂಡಿನ ಮ್ಯಾಲೆ ಕೂತು ಗೆಳ್ಯಾಗ ಫೋನ್ ಮಾಡ್ಯಾರ. ಅಂವ ಬರಲಿಕ್ಕೆ ಮುಕ್ಕಾಲು ತಾಸು. ಬಂದೂಕಿನ ಹಗ್ಗ ಬಿಚ್ಚಿ ಆ ತುಂಡಿಗೆ ಕಟ್ಟಿದ, ಇವರು ಮ್ಯಾಲಿಂದ ಎಳ್ಕೊಂಡ್ರು, ಕಾಲಿಗೆ ನೆಲಿ ಸಿಕ್ತು, ಇಳದ್ರು.

ಮನಿಗೆ ಬಂದು ಏನೂ ಅನ್ನಲಿಲ್ಲ. ಕಿಸೆದಾಗಿನ ಹಗ್ಗ ಟೇಬಲ್ ಮ್ಯಾಲೆ ಇಟ್ರು. "ಇದು ಯಾಕ ಇರ್ತದ ಗೊತ್ತೇನ ನಿನಗ?" ಅಂದ್ರು. ಹುಣಸಿ ಬಡಿಯೋವಾಗ ಬಿದ್ದು ಜೀವನಪೂರ್ತಿ ಕುಂಟಿದ ನಮ್ಮ ಕಾಕಾನ ನೆನಪಾಗಿ ನನಗ ಚಾ ಸೋಸಲಿಕ್ಕೂ ಕೈ ಬರಲಿಲ್ಲ.

ಈಗ ಹೊರಿ ಕಟ್ಟಲಿಕ್ಕೆ ಬ್ಯಾರೆ ಪಟ್ಟಿ ತಂದೀವಿ. ಆ ಹಗ್ಗಕ್ಕ ಕೆಂಪು ಸೀರಿ ಅಂಚು ಕಟ್ಟೀನಿ, ಅವರು ಹೊರಡೋ ಮುಂಚೆ ನಾನೂ ಒಮ್ಮೆ ಎಳದು ನೋಡ್ತೀನಿ. ಹೆಗಲಿನ ಸಿಂಬಿ ಮಾತ್ರ ಹಂಗಽ ಅದ. ಮೊನ್ನೆ ಫೋನಿನಾಗ ಅವ್ವ, "ಕೌದಿ ಬೆಚ್ಚಗದ ಏನವಾ?" ಅಂತ ಕೇಳಿದ್ಲು. ಭಾಳ ಬೆಚ್ಚಗದ ಅಂದೆ.