ಬಜಪೆಯಿಂದ ಮುಂಬಯಿಗೆ: ವಿಮಾನ ತಡವಾದರೆ ನಮ್ಮ ಹಕ್ಕೇನು?

ನಮ್ಮ ಕಾಸರಗೋಡು ಜಿಲ್ಲೆಗೆ ಸ್ವಂತ ವಿಮಾನ ನಿಲ್ದಾಣವಿಲ್ಲ. ೨೦೧೮ರ ಡಿಸೆಂಬರಿನಲ್ಲಿ ಕಣ್ಣೂರು ನಿಲ್ದಾಣ ತೆರೆದ ಮೇಲೆ ಜಿಲ್ಲೆಯ ದಕ್ಷಿಣ ಭಾಗದವರಿಗೆ ಅನುಕೂಲವಾಯಿತು. ಆದರೆ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ನಾವು ವ್ಯಾಪಾರಕ್ಕಾಗಲಿ, ಮದುವೆಗಾಗಲಿ ಮುಂಬಯಿಗೆ ಹೊರಟರೆ ತಲಪಾಡಿ ದಾಟಿ ಬಜಪೆಗೇ ಹೋಗಬೇಕು. ನೇತ್ರಾವತಿ ಸೇತುವೆ, ಕಾವೂರು, ಮರವೂರು ಕಳೆದು ಗುಡ್ಡ ಹತ್ತಿದರೆ ನಿಲ್ದಾಣ. ಹಾರಾಟ ಒಂದೂವರೆ ಗಂಟೆಯದ್ದು. ಆದರೆ ಮಳೆಗಾಲದಲ್ಲಿ ಕಾಯುವುದೇ ಅದಕ್ಕಿಂತ ಹೆಚ್ಚಾಗುವುದುಂಟು.

ಇಲ್ಲಿ ಎರಡು ಲೆಕ್ಕಗಳನ್ನು ಬೇರೆಯಾಗಿಯೇ ಇಡಬೇಕು. ಒಂದು ಜೀವದ ಲೆಕ್ಕ. ಬಜಪೆಯ ರನ್‌ವೇ ಗುಡ್ಡದ ತಲೆಯ ಮೇಲಿದೆ, ತುದಿಯಲ್ಲಿ ಕಣಿವೆ. ೨೦೧೦ರ ಮೇ ೨೨ರಂದು ದುಬೈಯಿಂದ ಬಂದ ವಿಮಾನ ಅಲ್ಲಿ ಉರುಳಿ ೧೫೮ ಮಂದಿ ತೀರಿಹೋದರು. ಅವರಲ್ಲಿ ನಮ್ಮ ಜಿಲ್ಲೆಯವರೂ ಅನೇಕರಿದ್ದರು. ಇಳಿಯದೆ ಮತ್ತೊಂದು ಸುತ್ತು ಬರೋಣವೆಂದು ಸಹ ಪೈಲಟ್ ಹೇಳಿದರೂ ಮುಖ್ಯ ಪೈಲಟ್ ಕೇಳಲಿಲ್ಲವೆಂದು ತನಿಖೆಯಲ್ಲಿ ತಿಳಿಯಿತು. ಆದ್ದರಿಂದ ಮಂಜು ಮಳೆಗೆ ವಿಮಾನ ನಿಂತರೆ, ಬೇರೆ ಊರಿಗೆ ತಿರುಗಿದರೆ ಸಿಬ್ಬಂದಿಯನ್ನು ಬೈಯುವುದು ಸಲ್ಲದು. ಹವಾಮಾನದಿಂದಾದ ರದ್ದತಿಗೆ ನಗದು ಪರಿಹಾರವೂ ಇಲ್ಲ.

ಇನ್ನೊಂದು ಹಣದ ಲೆಕ್ಕ. ಇದಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ೨೦೧೦ರಲ್ಲಿ ಹೊರಡಿಸಿ ನಂತರ ತಿದ್ದಿದ ನಿಯಮಗಳಿವೆ. ಮುಂಬಯಿಯಂಥ ಹತ್ತಿರದ ಮಾರ್ಗದಲ್ಲಿ ಎರಡು ಗಂಟೆ ತಡವಾದರೆ ಊಟ ಉಪಾಹಾರ ಕೊಡಬೇಕು. ಆರು ಗಂಟೆಗೂ ಮೀರಿದರೆ ಬದಲಿ ವಿಮಾನ ಇಲ್ಲವೇ ಪೂರ್ಣ ಹಣ ಕೇಳಬಹುದು. ರಾತ್ರಿ ೮ರಿಂದ ೩ರೊಳಗೆ ಹೊರಡಬೇಕಾದ ವಿಮಾನ ಆರು ಗಂಟೆ ಮೀರಿ ತಡವಾದರೆ ವಸತಿಯನ್ನೂ ಒದಗಿಸಬೇಕು. ೨೪ ಗಂಟೆ ಮೊದಲು ತಿಳಿಸದೆ ಕಂಪನಿಯ ಕಾರಣದಿಂದಲೇ ರದ್ದಾದರೆ, ಟಿಕೆಟ್ ಹಣವಲ್ಲದೆ ರೂ. ೭,೫೦೦ ಅಥವಾ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ, ಇವುಗಳಲ್ಲಿ ಕಡಿಮೆಯಾದಷ್ಟು ಪರಿಹಾರ ಸಲ್ಲುತ್ತದೆ. ಬರೇ ತಡವಾದುದಕ್ಕೆ ಈ ನಗದು ಇಲ್ಲ.

ಆದರೆ ಒಂದು ಷರತ್ತಿದೆ. ಟಿಕೆಟ್ ಮಾಡುವಾಗ ಸರಿಯಾದ ಫೋನ್ ನಂಬರ್ ಕೊಡದವರಿಗೆ ಪರಿಹಾರವಿಲ್ಲ. ಕಳೆದ ಮಳೆಗಾಲದಲ್ಲಿ ನಾವು ನಾಲ್ವರು ಹೊರಟಾಗ ಏಜೆಂಟರು ತಮ್ಮದೇ ನಂಬರ್ ಬರೆಸಿದ್ದರು. ತಡವಾಗುವ ಸುದ್ದಿ ಅವರ ಅಂಗಡಿಗೆ ಹೋಯಿತು, ನಾವು ನಸುಕಿನಲ್ಲೇ ಗುಡ್ಡ ಹತ್ತಿ ಕುಳಿತೆವು. ಕೌಂಟರಿನಲ್ಲಿ ಕೇಳಿದರೆ "ಮೆಸೇಜ್ ಕಳಿಸಿದ್ದೇವೆ" ಎಂಬ ಒಂದೇ ಉತ್ತರ. ಆದುದರಿಂದ ಬಂಧುಗಳು ಏಜೆಂಟರಲ್ಲಿ ತಮ್ಮ ನಂಬರನ್ನೇ ಬರೆಸಿ, ಟಿಕೆಟಿನಲ್ಲಿ ಅದು ಬಂದಿದೆಯೇ ಎಂದು ನೋಡಿಕೊಳ್ಳಬೇಕು.

ರಾತ್ರಿಭೋಜನ ತ್ಯಾಗವುಳ್ಳ ಹಿರಿಯರು ಜೊತೆಗಿದ್ದರೆ ಅವಲಕ್ಕಿ, ಬಾಳೆಹಣ್ಣು ಕೈಚೀಲದಲ್ಲಿರಲಿ. ಅಲ್ಲಿ ಕೊಡುವ ಪೊಟ್ಟಣದಲ್ಲಿ ಈರುಳ್ಳಿ, ಬಟಾಟೆ ಇರಬಹುದು. ಸೂರ್ಯಾಸ್ತದ ಮೇಲೆ ಬಂದರಂತೂ ಪ್ರಯೋಜನವಿಲ್ಲ.

ಟಿಕೆಟ್, ಬೋರ್ಡಿಂಗ್ ಪಾಸ್, ಬಂದ ಸಂದೇಶ, ಖರ್ಚಿನ ರಶೀದಿ ಎಲ್ಲವನ್ನೂ ಅಂಗಡಿಯ ಬಿಲ್ಲಿನಂತೆ ಜೋಪಾನ ಮಾಡಿರಿ. ಮೊದಲು ಕಂಪನಿಗೆ ಬರೆಯಿರಿ. ಬಳಿಕ ಕೇಂದ್ರ ಸರಕಾರದ ಏರ್‌ಸೇವಾದಲ್ಲಿ ದೂರು ಕೊಡಬಹುದು. ಅಲ್ಲೂ ಆಗದಿದ್ದರೆ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಎರಡು ವರ್ಷದೊಳಗೆ ನಾವು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಕಾಸರಗೋಡಿನ ಗ್ರಾಹಕ ಆಯೋಗದಲ್ಲೇ ಅರ್ಜಿ ಹಾಕಬಹುದು. ಮುಂಬಯಿಗೋ ದಿಲ್ಲಿಗೋ ಓಡಬೇಕಾಗಿಲ್ಲ.

ಮಳೆಗೆ ತಾಳ್ಮೆ ಇರಲಿ. ಸಲ್ಲಬೇಕಾದ ಬಾಕಿಯನ್ನು ಮಾತ್ರ ಬಿಡುವುದು ಬೇಡ.