ಬಟ್ಟೆ ಹಿಂಡುವ ಯಂತ್ರವೂ ಇಸ್ತ್ರಿಯ ಪೆಟ್ಟಿಗೆಯೂ

ಸಂಸಾರದಲ್ಲಿ ಅಡಿಗೆಯನ್ನು ಬಿಟ್ಟರೆ ದಿನವೂ ತಪ್ಪದೆ ಎದುರಿಗೆ ಬಂದು ನಿಲ್ಲುವ ಕೆಲಸವೆಂದರೆ ಬಟ್ಟೆಯದು. ಒಗೆಯುವುದನ್ನು ಕುರಿತು ಎಲ್ಲರೂ ಮಾತನಾಡುತ್ತಾರೆ. ಹಿಂಡುವುದರ ಸುದ್ದಿಯನ್ನು ಎತ್ತುವವರು ಕಡಮೆ. ಕೈಯಿಂದ ಒಗೆದು ಬಲ್ಲವರನ್ನು ಕೇಳಿದರೆ ನಿಜಾಂಶ ತಿಳಿದೀತು. ಕಲ್ಲಿನ ಮೇಲೆ ಕುಕ್ಕುವುದು ಅಷ್ಟೇನೂ ಪ್ರಯಾಸವಲ್ಲ; ನೆಂದ ದುಪ್ಪಟಿಯನ್ನು ಹಿಡಿದು ತಿರುಚುವಾಗ ಮಣಿಕಟ್ಟಿನ ಬಲವೆಲ್ಲ ಇಳಿದುಹೋಗುತ್ತದೆ. ನಮ್ಮ ಮನೆಗೆ ಒಗೆಯುವ ಯಂತ್ರ ಬಂದದ್ದು ಈ ಹಿಂಡುವ ಕೆಲಸದ ದೆಸೆಯಿಂದಲೇ. ನಮ್ಮ ಅತ್ತಿಗೆಯವರ ಮಣಿಕಟ್ಟಿನ ನೋವು ಯಾವ ತೈಲಕ್ಕೂ ಬಗ್ಗದೆ ಇರಲು, ವೈದ್ಯರು ಇನ್ನು ಮುಂದೆ ಬಟ್ಟೆ ಹಿಂಡಕೂಡದೆಂದು ಖಂಡಿತವಾಗಿ ಹೇಳಿಬಿಟ್ಟರು.

ಈ ಯಂತ್ರದ ಮುಖದ ಮೇಲೆ 400, 800, 1000, 1200 ಎಂಬ ಅಂಕಿಗಳಿವೆ. ಒಗೆತ ಮುಗಿದ ಮೇಲೆ ಒಳಗಿನ ಉರುಳೆ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕೆಂಬುದನ್ನು ಇವು ತಿಳಿಸುತ್ತವೆ. ನೀರು ತುಂಬಿದ ಚೊಂಬನ್ನು ಕೈ ಚಾಚಿ ಗಿರ್ರನೆ ತಿರುಗಿಸಿದರೆ ನೀರು ಚೆಲ್ಲುವುದಿಲ್ಲವೆಂಬುದನ್ನು ಮಕ್ಕಳೂ ಬಲ್ಲರು. ನೀರು ಹೊರಗಡೆಗೆ ಒತ್ತುತ್ತದೆ, ಚೊಂಬಿನ ತಳ ಅದನ್ನು ತಡೆಯುತ್ತದೆ. ಯಂತ್ರದ ಉರುಳೆಗೆ ಮೈಯೆಲ್ಲ ತೂತುಗಳಿರುವುದರಿಂದ ಬಟ್ಟೆ ಒಳಗೇ ನಿಂತು ನೀರು ಹೊರಟುಹೋಗುತ್ತದೆ. ಇಲ್ಲಿ ನೆನಪಿಡತಕ್ಕ ಸಂಗತಿಯೊಂದುಂಟು: ವೇಗ ಇಮ್ಮಡಿಯಾದರೆ ಬಲ ನಾಲ್ಮಡಿಯಾಗುತ್ತದೆ. ಅರ್ಧ ಮೀಟರು ಅಗಲದ ಉರುಳೆಯಲ್ಲಿ 600 ಸುತ್ತಿಗೆ ಬಟ್ಟೆಯ ಮೇಲೆ ಬೀಳುವ ಒತ್ತಡ ಅದರ ತೂಕದ ಸುಮಾರು ನೂರರಷ್ಟು. 1200 ಸುತ್ತಿಗೆ ನಾನೂರರಷ್ಟು.

ಹಾಗೆಂದು ನಾಲ್ಕು ಪಾಲು ಹೆಚ್ಚು ಒಣಗುತ್ತದೆಂದು ತಿಳಿಯಬಾರದು. ಮೂರು ಕಿಲೋ ನೂಲಿನ ಬಟ್ಟೆಯನ್ನು 800 ಸುತ್ತಿನಲ್ಲಿ ಹಿಂಡಿದರೆ ಅದರಲ್ಲಿ ಸುಮಾರು ಎರಡು ಲೀಟರು ನೀರು ಉಳಿದಿರುತ್ತದೆ. 1200ರಲ್ಲಿ ಹಿಂಡಿದರೆ ಒಂದೂವರೆ ಲೀಟರಿಗಿಂತ ತುಸು ಹೆಚ್ಚು. 1400ಕ್ಕೆ ಏರಿಸಿದರೆ ಇನ್ನೊಂದು ಲೋಟದಷ್ಟೂ ಇಳಿಯುವುದು ಕಷ್ಟ. ಎಳೆಗಳ ನಡುವೆ ನಿಂತ ನೀರು ತಿರುಗಣೆಗೆ ಹೊರಡುತ್ತದೆ, ಎಳೆಯ ಒಡಲನ್ನು ಹೊಕ್ಕ ನೀರು ಬಿಸಿಲಿಗೂ ಗಾಳಿಗೂ ಮಾತ್ರವೇ ಹೊರಡುತ್ತದೆ. ಒಣಗಿಸುವ ಯಂತ್ರವನ್ನೂ ಇಟ್ಟುಕೊಂಡಿರುವ ಮನೆಗಳಲ್ಲಿ ಈ ಅರ್ಧ ಲೀಟರಿಗೂ ಬೆಲೆಯುಂಟು. ಒಂದು ಲೀಟರು ನೀರನ್ನು ಬರಿಯ ಶಾಖದಿಂದ ಆವಿ ಮಾಡುವುದಕ್ಕೆ ಮುಕ್ಕಾಲು ಯೂನಿಟ್ಟಿಗೆ ಸಮೀಪವಾದ ವಿದ್ಯುತ್ತು ಬೇಕು. ನಮಗೆ ಮಾಳಿಗೆಯ ಮೇಲಿನ ಹಗ್ಗವೇ ಸಾಕಾಗಿದೆ.

ಮೈಸೂರಿನ ಹವೆ ಈ ವಿಷಯದಲ್ಲಿ ನಮಗೆ ಬಹಳ ಅನುಕೂಲ. ಫಾಲ್ಗುಣ ಚೈತ್ರಗಳಲ್ಲಿ ಬೆಳಗ್ಗೆ ಎಂಟಕ್ಕೆ ಹರವಿದ ಪಂಚೆ, ಯಂತ್ರವು ಅದನ್ನು ಎಷ್ಟು ಸುತ್ತು ತಿರುಗಿಸಿದ್ದರೂ, ಮಧ್ಯಾಹ್ನದ ಊಟದ ಹೊತ್ತಿಗೆ ಗರಿಗರಿಯಾಗಿರುತ್ತದೆ. ಉಳಿದ ತಿಂಗಳುಗಳಿಗಿಂತ ಹೆಚ್ಚಾಗಿ ಇಲ್ಲಿ ಮಳೆ ಬೀಳುವುದು ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ; ಅದು ಬಹುಮಟ್ಟಿಗೆ ಸಂಜೆಯ ಮಳೆ, ಬೆಳಗಿನ ಬಿಸಿಲನ್ನು ಕೆಡಿಸುವುದಿಲ್ಲ. ತೊಂದರೆಯೆಲ್ಲ ಆಷಾಢದ್ದು. ಚಾಮುಂಡಿಬೆಟ್ಟದ ಮೇಲೆ ಮೋಡ ಕವಿದುಕೊಂಡು, ಮಳೆಯೆನ್ನುವಷ್ಟು ಬಾರದೆ, ಬಿಸಿಲೆನ್ನುವಷ್ಟು ಕಾಣದೆ ದಿನಗಳು ಕಳೆಯುತ್ತವೆ. ಗಾಳಿ ಬೀಸಿದ ದಿನ ಬದುಕಿದೆವು; ಗಾಳಿ ಬಿದ್ದ ದಿನ ನಡುಮನೆಯ ಗಳುವಿನ ಮೇಲೆ ಎರಡು ದಿನ ತೂಗಿದ ಬಟ್ಟೆಗೆ ಮುಗ್ಗಲು ವಾಸನೆ ಹತ್ತುತ್ತದೆ. ತೇವ ಬಹಳ ಹೊತ್ತು ನಿಂತರೆ ಸೂಕ್ಷ್ಮಜೀವಿಗಳು ಹೆಚ್ಚಿ ಈ ವಾಸನೆ ಹುಟ್ಟುತ್ತದೆ. ಅಂಥ ದಿನಗಳಲ್ಲಿ 1200 ಸುತ್ತು ನಿಜವಾದ ಉಪಕಾರಿ.

ಇಷ್ಟಕ್ಕೇ ಮುಗಿದಿದ್ದರೆ ಈ ವಿಷಯವನ್ನು ವಾಚಕರ ಮುಂದೆ ತರುತ್ತಿರಲಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಹೊಂಗೆಯ ಮರದ ಕೆಳಗೆ ತಳ್ಳುಗಾಡಿ ನಿಲ್ಲಿಸಿಕೊಂಡು ಇಸ್ತ್ರಿ ಮಾಡುವಾತನೊಬ್ಬನುಂಟು. ಐದಾರು ಕಿಲೋ ತೂಗುವ ಪೆಟ್ಟಿಗೆ, ಅದರ ಹೊಟ್ಟೆಯಲ್ಲಿ ಇದ್ದಿಲ ಕೆಂಡ. ಆತನು ಒಂದು ದಿನ ಗಂಟನ್ನು ಮರಳಿ ತಂದವನು ಅತ್ತಿಗೆಯವರೊಡನೆ, "ಅಮ್ಮಾ, ನೀವು ಕೈಯಲ್ಲಿ ಹಿಂಡುತ್ತಿದ್ದಾಗಿನ ಬಟ್ಟೆಯೇ ವಾಸಿಯಾಗಿತ್ತು. ಈಗಿನ ಪಂಚೆ ಒಂದೊಂದೂ ಎರಡು ಪಂಚೆಯ ಕೆಂಡ ತಿನ್ನುತ್ತದೆ" ಎಂದನು. ಅದು ದೂರಲ್ಲ, ಲೆಕ್ಕ. ಆತನಿಗೆ ನಾವು ಕೊಡುವುದು ಉರುಪಡಿಯ ಎಣಿಕೆಯ ಮೇಲೆ. ಸುಕ್ಕಿಗೆ ಬೇರೆ ದರವಿಲ್ಲ. ಹೆಚ್ಚಾಗಿ ಸುಟ್ಟ ಇದ್ದಿಲು ಆತನ ಕೂಲಿಯಿಂದಲೇ ಕಳೆಯಬೇಕು. ನಮ್ಮ ಮನೆಯ ಮಣಿಕಟ್ಟಿನಿಂದ ಇಳಿದ ಭಾರ ಬೀದಿಯ ಕೊನೆಗೆ ಹೋಗಿ ಇನ್ನೊಬ್ಬರ ಭುಜದ ಮೇಲೆ ಕುಳಿತಿತ್ತು.

ಸುಕ್ಕು ಹೇಗೆ ಹುಟ್ಟುತ್ತದೆಂಬುದನ್ನು ವಿಚಾರಿಸಿದೆವು. ಹತ್ತಿಯ ಎಳೆಯೊಳಗಿನ ಕಣಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ನೀರು ಹೊಕ್ಕಾಗ ಆ ಹಿಡಿತ ಸಡಿಲಿ ಎಳೆ ಹೇಳಿದಂತೆ ಬಾಗುತ್ತದೆ. ನೀರು ಹೋದಾಗ ಬಾಗಿದ ಭಂಗಿಯಲ್ಲೇ ಮತ್ತೆ ಹಿಡಿದುಕೊಳ್ಳುತ್ತದೆ. ವೇಗದ ಸುತ್ತಿನಲ್ಲಿ ಬಟ್ಟೆ ಮುದುರಿದಂತೆಯೇ ಉರುಳೆಯ ಗೋಡೆಗೆ ಅಪ್ಪಚ್ಚಿಯಾಗುತ್ತದೆ. ಮುಗಿದ ಮೇಲೂ ಒಂದೆರಡು ಗಂಟೆ ಅಲ್ಲೇ ಬಿಟ್ಟರೆ ಮಡಿಕೆಗಳೆಲ್ಲ ಬೇರೂರುತ್ತವೆ. ನಿಧಾನದ ಸುತ್ತಿನಲ್ಲಿ ಹಿಂಡಿದ ಬಟ್ಟೆಯಲ್ಲಾದರೋ ನೀರು ಹೆಚ್ಚಾಗಿ ಉಳಿದು, ಹಗ್ಗದ ಮೇಲೆ ಆ ನೀರಿನ ತೂಕವೇ ಸುಕ್ಕನ್ನು ಕೆಳಕ್ಕೆ ಜಗ್ಗಿ ಬಿಡಿಸುತ್ತದೆ. ಇಸ್ತ್ರಿಯಾತನು ಬಾಯಲ್ಲಿ ನೀರು ತುಂಬಿಕೊಂಡು ಪಂಚೆಯ ಮೇಲೆ ಚಿಮುಕಿಸುತ್ತಿದ್ದುದರ ರಹಸ್ಯವೂ ಇದೇ: ಮೊದಲು ನೀರಿನಿಂದ ಸಡಿಲಿಸಿ, ಶಾಖದಿಂದಲೂ ಭಾರದಿಂದಲೂ ಚಪ್ಪಟೆಯಾದ ಭಂಗಿಯಲ್ಲಿ ಒಣಗಿಸುವುದು.

ಅಣ್ಣನವರು ಉರುಪಡಿಗೆ ದರವನ್ನೇ ಏರಿಸೋಣವೆಂದರು. ಅತ್ತಿಗೆಯವರು ದರವನ್ನೂ ಏರಿಸಿ, ಸುತ್ತನ್ನೂ ಇಳಿಸಿದರು. ಈಗ ಇಸ್ತ್ರಿಗೆ ಹೋಗತಕ್ಕ ಪಂಚೆ, ಅಂಗಿ, ನೂಲಿನ ಸೀರೆಗಳು ಬಿಸಿಲುಗಾಲದಲ್ಲಿ 600ರ ಮೇಲೆ ತಿರುಗುವುದಿಲ್ಲ. ಟವಲು, ದುಪ್ಪಟಿ, ಒಳ ಉಡುಪುಗಳಿಗೆ 1200. ದಪ್ಪ ಜಮಖಾನವೊಂದನ್ನೇ ಹಾಕಿದರೆ ಭಾರ ಒಂದು ಕಡೆಗೆ ವಾಲಿ ಯಂತ್ರವು ತಾನಾಗಿಯೇ ವೇಗವನ್ನು ಇಳಿಸಿಬಿಡುತ್ತದೆ, ಇಲ್ಲವೆ ಕುಣಿದು ಮೂಲೆಯಿಂದ ಮುಂದಕ್ಕೆ ಬರುತ್ತದೆ. ಜೊತೆಗೆ ನಾಲ್ಕು ಟವಲು ಸೇರಿಸಿದರೆ ಶಾಂತವಾಗುತ್ತದೆ. ತಿರುಗಣೆ ನಿಂತೊಡನೆ ತೆಗೆದು, ಎರಡು ಬಾರಿ ಜೋರಾಗಿ ಕೊಡವಿ, ಅಂಚು ಹಿಡಿದು ಎಳೆದು ಹರವುವುದಕ್ಕೆ ಮನೆಯ ಹುಡುಗನನ್ನು ನೇಮಿಸಿದ್ದಾಗಿದೆ. ಇಷ್ಟರಿಂದಲೇ ಅರ್ಧ ಇಸ್ತ್ರಿಯಾದಂತೆ.

ರೇಷ್ಮೆಯನ್ನು ಈ ಯಂತ್ರದ ಹತ್ತಿರ ನಾವು ಸುಳಿಯಗೊಡಿಸುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ನಮ್ಮ ಊರಿನಲ್ಲಿ ಆರಂಭವಾದ ಕಾರ್ಖಾನೆಯ ರೇಷ್ಮೆಯ ಸೀರೆಗಳು ಅತ್ತಿಗೆಯವರ ಪೆಟ್ಟಿಗೆಯಲ್ಲಿ ಎರಡುಂಟು. ನೆಂದ ರೇಷ್ಮೆಗೆ ಬಲ ಕಡಮೆ, ಜರಿ ಮುರಿದರೆ ಮತ್ತೆ ನೆಟ್ಟಗಾಗುವುದಿಲ್ಲ. ಅವುಗಳನ್ನು ಹಿಂಡುವ ಮಾತೇ ಇಲ್ಲ; ಒಣ ಟವಲಿನಲ್ಲಿ ಸುತ್ತಿ ನೀರನ್ನು ಹೀರಿಸಿ ನೆರಳಿನಲ್ಲಿ ಹರವುವುದು.

ಇಸ್ತ್ರಿಯಾತನು ತನ್ನ ಪಾಲಿಗೆ ಒಂದೇ ಕೋರಿಕೆಯಿಟ್ಟನು. ಪಂಚೆಗಳನ್ನು ಪೂರಾ ಒಣಗಿಸದೆ, ಹಸಿಯಾರಿದ ಸ್ಥಿತಿಯಲ್ಲಿ ಹಗ್ಗದಿಂದ ನೇರವಾಗಿ ಹತ್ತು ಗಂಟೆಯೊಳಗೆ ಗಾಡಿಗೆ ಮುಟ್ಟಿಸಬೇಕಂತೆ; ಆಗ ನೀರು ಚಿಮುಕಿಸುವ ಕೆಲಸವೂ ಉಳಿಯಿತು, ಒಂದೇ ಎಳೆತಕ್ಕೆ ಸುಕ್ಕೂ ಹೋಯಿತು. ಆಷಾಢದಲ್ಲಿ ಮಾತ್ರ ಗುರುವಾರ ಬೇಡವೆಂದಿದ್ದಾನೆ. ಮರುದಿನ ಶುಕ್ರವಾರ ಬೆಟ್ಟಕ್ಕೆ ಹೋಗುವವರ ಬಟ್ಟೆಯೇ ಆ ದಿನ ಗಾಡಿಯ ತುಂಬ ಬಿದ್ದಿರುತ್ತದೆ. ನಮ್ಮದನ್ನು ಬುಧವಾರವೇ ಕಳುಹಿಸುತ್ತೇವೆ.