ಬೀಜದೊಳಗಿನ ವಿಟಮಿನ್

ಲೇಟ್ರಿಲ್ ಮೊದಲು ವಿಟಮಿನ್ ಆಗಿರಲೇ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಅರ್ನ್ಸ್ಟ್ ಕ್ರೆಬ್ಸ್ ಮತ್ತು ಅದೇ ಹೆಸರಿನ ಅವನ ಮಗ 1950ರ ದಶಕದಲ್ಲಿ ಅದನ್ನು ಕ್ಯಾನ್ಸರ್ ಮದ್ದು ಎಂದೇ ಹೊರಡಿಸಿದ್ದರು. ಮೂಲ ಸರಕು ಏಪ್ರಿಕಾಟ್ ಬೀಜದಲ್ಲಿರುವ ಅಮಿಗ್ಡಾಲಿನ್. 1963ರಲ್ಲಿ ಕ್ಯಾಲಿಫೋರ್ನಿಯಾ ಅದನ್ನು ನಿಷೇಧಿಸಿತು. ಮದ್ದು ಎಂದರೆ ಗುಣ ತೋರಿಸಿ ಎನ್ನುತ್ತಾರೆ, ಆಹಾರ ಎಂದರೆ ಅಷ್ಟು ಕೆದಕುವುದಿಲ್ಲ. ಮಗ ಅದಕ್ಕೆ ‘ವಿಟಮಿನ್ ಬಿ17’ ಎಂದು ನಾಮಕರಣ ಮಾಡಿ, ಕ್ಯಾನ್ಸರ್ ಅಂದರೆ ಇದರ ಕೊರತೆ ಅಷ್ಟೇ ಎಂದುಬಿಟ್ಟ. ಅದಿಲ್ಲದೆ ಯಾರಿಗೂ ಯಾವ ಕಾಯಿಲೆಯೂ ಬಂದದ್ದಿಲ್ಲ. ಇದೇ ಅಪ್ಪ-ಮಗ ಅದಕ್ಕೂ ಮೊದಲು ಅದೇ ಬೀಜದ ಹೆಸರಲ್ಲಿ ‘ಬಿ15’ ಮಾರುಕಟ್ಟೆಗೆ ಬಿಟ್ಟಿದ್ದರು. ನಂಬರಿಗೇನು ಬರ!

ಎಪ್ಪತ್ತರ ದಶಕದ ಕೊನೆಗೆ ನಾನು ಸ್ಯಾನ್ ಡಿಯೇಗೋದಲ್ಲಿ ಕೆಲಸಕ್ಕಿದ್ದೆ. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಲೇಟ್ರಿಲ್ಲನ್ನು ಸಕ್ರಮ ಮಾಡಿದ್ದ ಕಾಲ. ನಾವಿದ್ದ ಕಡೆ ಸಿಗದಿದ್ದರೇನು, ಗಡಿ ದಾಟಿದರೆ ಮೆಕ್ಸಿಕೋದ ಟಿಹುವಾನಾ, ಅಲ್ಲಿ ಅದಕ್ಕೆಂದೇ ಕ್ಲಿನಿಕ್ಕುಗಳು. ಪಕ್ಕದ ಮನೆಯ ನಿವೃತ್ತ ನೌಕಾಪಡೆಯವನು ಹೆಂಡತಿಯನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದ. ಬರುವಾಗ ಇಂಜೆಕ್ಷನ್ ಶೀಷೆಗಳನ್ನು ಟವೆಲ್ಲಿನಲ್ಲಿ ಸುತ್ತಿ, ಐಸ್ ಪೆಟ್ಟಿಗೆಯ ತಳದಲ್ಲಿಟ್ಟು, ಮೇಲೆ ಬಿಯರ್ ಡಬ್ಬ ಜೋಡಿಸಿರುತ್ತಿದ್ದ. ನನಗೆ ಅದನ್ನು ತೋರಿಸಿದ್ದು ಹೆಮ್ಮೆಯಿಂದಲೇ. ಹೆಂಡತಿಯ ಕಾಯಿಲೆಯಷ್ಟೇ ಅವನಿಗೆ ಸರ್ಕಾರದ ಮೇಲಿನ ಸಿಟ್ಟೂ ಮುಖ್ಯವಾಗಿತ್ತೇನೋ ಎಂದು ಈಗಲೂ ಅನಿಸುತ್ತದೆ. ಆಕೆಗೆ ಕರುಳಿನ ಕ್ಯಾನ್ಸರ್. ಆಪರೇಷನ್ ಮುಂದೂಡುತ್ತ ಹೋದರು. ಆಕೆ ತೀರಿಕೊಂಡಳು.

ಸಾಯುವ ರೋಗಿಗಾದರೂ ಕಾನೂನಿನ ರಕ್ಷಣೆ ಬೇಡವೆನ್ನಲಾಗದು ಎಂದು 1979ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ ನಟ ಸ್ಟೀವ್ ಮೆಕ್ವೀನ್ ಲೇಟ್ರಿಲ್ಲನ್ನೂ ಸೇರಿಸಿಕೊಂಡ ಚಿಕಿತ್ಸೆಗೆ ಮೆಕ್ಸಿಕೋಗೆ ಹೋಗಿ, ನವೆಂಬರಿನಲ್ಲಿ ಅಲ್ಲೇ ಸತ್ತ. 1982ರಲ್ಲಿ ಮೇಯೋ ಕ್ಲಿನಿಕ್‌ನ ಚಾರ್ಲ್ಸ್ ಮೋರ್ಟೆಲ್ ಮತ್ತು ಸಂಗಡಿಗರು 178 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ ಬಂತು. ಒಬ್ಬರಿಗೂ ವಾಸಿಯಾಗಿರಲಿಲ್ಲ. ಕೆಲವರ ರಕ್ತದಲ್ಲಿ ಮಾತ್ರ ಸಯನೈಡ್ ಪ್ರಾಣಾಂತಿಕ ಮಟ್ಟದ ಹತ್ತಿರಕ್ಕೆ ಏರಿತ್ತು. ಆ ಬೀಜ ಅಗಿದರೂ ಅರೆದರೂ ಅದರೊಳಗಿನ ಕಿಣ್ವ ಅಮಿಗ್ಡಾಲಿನ್ನನ್ನು ಒಡೆದು ಸಯನೈಡ್ ಬಿಡಿಸುತ್ತದೆ. ಕಹಿ ಬಾದಾಮಿಯದೂ ಇದೇ ಗುಣ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಈಗ ಬಿ17 ವಾಟ್ಸಾಪಿನಲ್ಲಿ, ಕನ್ನಡದಲ್ಲೇ ಬರುತ್ತದೆ. ಗಡಿ ದಾಟಬೇಕಿಲ್ಲ, ಕೋರ್ಟಿಗೆ ಹೋಗಬೇಕಿಲ್ಲ. ಕ್ಯಾನ್ಸರ್ ರೋಗವೇ ಅಲ್ಲ, ದಂಧೆ; ದಿನಕ್ಕೆ ಹದಿನೈದು-ಇಪ್ಪತ್ತು ಏಪ್ರಿಕಾಟ್ ಬೀಜ ತಿನ್ನಿ ಎಂಬ ಉಪದೇಶ. ಆ ಬೀಜದಲ್ಲಿ ಚಿಕ್ಕವು ಮೂರಕ್ಕಿಂತ ಹೆಚ್ಚು ಒಮ್ಮೆಗೆ ತಿಂದರೆ ದೊಡ್ಡವರಿಗೂ ಸುರಕ್ಷಿತ ಮಿತಿ ಮೀರಬಹುದು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಹೇಳಿದೆ. ಅದನ್ನು ಯಾರೂ ಫಾರ್ವರ್ಡ್ ಮಾಡಿದ್ದು ಕಾಣೆ.

ಶಿವಮೊಗ್ಗದಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಅವನ ಅತ್ತೆಗೆ ಕಿಮೋ ನಡೆಯುತ್ತಿತ್ತು. “ಅದನ್ನ ಬಿಡಿಸಿಲ್ಲ ತಾನೆ?” ಎಂದೆ. ಬಿಡಿಸಿರಲಿಲ್ಲ. ಆನ್‌ಲೈನಿನಲ್ಲಿ ತರಿಸಿದ ಬೀಜವನ್ನು ಒರಳಲ್ಲಿ ಅರೆದು, ಕಹಿ ಗೊತ್ತಾಗದಿರಲಿ ಅಂತ ಜೇನುತುಪ್ಪ ಕಲಸಿ, ಬೆಳಿಗ್ಗೆ ಎರಡು ಚಮಚ ಕೊಡುತ್ತಿದ್ದರಂತೆ.

“ಡಾಕ್ಟರಿಗೆ ಹೇಳಿದೀಯೇನೋ?”

“ಔಷಧಿ ಆಗಿದ್ರೆ ಹೇಳ್ತಿದ್ವಿ ಅಣ್ಣ. ಇದು ವಿಟಮಿನ್ ಅಲ್ವಾ?”

ಅವತ್ತೇ ಹೇಳಿಸಿದೆ. ಡಾಕ್ಟರು ಮೊದಲು ಕೇಳಿದ್ದು, ಆ ಡಬ್ಬದಲ್ಲಿ ಇನ್ನೆಷ್ಟು ಉಳಿದಿದೆ ಎಂದು.